ನಾಯಿಯ ದವಡೆ ಹಲ್ಲು ಮುರಿದಿದೆ, ಆದರೂ ಊಟ ಮಾಡುತ್ತಿದೆ. ಹಾಗೇ ಬಿಡಬಹುದಾ?

ಮೂಳೆ ಕಡಿಯುವಾಗ ನಿಮ್ಮ ನಾಯಿಯ ಮೇಲಿನ ದವಡೆ ಹಲ್ಲಿನ ಚೂರು ಹಾರಿಹೋಗಿದೆ, ಚೆನ್ನಾಗಿ ತಿನ್ನುತ್ತಿದೆ, ಚಿಕ್ಕಬಳ್ಳಾಪುರದಲ್ಲಿ ಎಲ್ಲಿ ತೋರಿಸುವುದು ಅಂತಲೂ ಕೇಳಿದ್ದೀರಿ. ನಾನೂ ಇದೇ ಊರಿನವನು.

ತಿನ್ನುತ್ತಿದೆ ಅನ್ನುವುದನ್ನು ನಂಬಬೇಡಿ. ಹಲ್ಲು ನೋವಿಗೆ ನಾಯಿ ಊಟ ಬಿಡುವುದು ಬಹಳ ಕಡಿಮೆ. ಇನ್ನೊಂದು ಕಡೆಯಿಂದ ಅಗಿಯುತ್ತದೆ, ಅಷ್ಟೇ.

ಮೊದಲು ಟಾರ್ಚ್ ಬಿಟ್ಟು ನೋಡಿ. ಬಾಯಿ ತೆರೆಸುವುದು ಬೇಡ, ಪಕ್ಕದಿಂದ ತುಟಿ ಮೇಲಕ್ಕೆತ್ತಿದರೆ ಸಾಕು. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಇದ್ದರೆ ಹಲ್ಲಿನ ನರ ಹೊರಗೆ ಬಿದ್ದಿದೆ ಅಂತ. ಹಳೆಯದಾದರೆ ಅದೇ ಚುಕ್ಕೆ ಕಪ್ಪಾಗಿರುತ್ತದೆ. ಸೋಂಕು ಒಳಗೆ ಹೋಗುವುದು ಅಲ್ಲಿಂದಲೇ. ಚುಕ್ಕೆ ಇಲ್ಲ ಅಂದರೆ ಅಷ್ಟು ಅವಸರವಿಲ್ಲ, ಆದರೂ ತೋರಿಸಿ.

ನಮ್ಮ ಪಕ್ಕದ ಮನೆಯ ಲ್ಯಾಬ್ರಡಾರ್ ನಾಯಿಗೆ ಕಣ್ಣಿನ ಕೆಳಗೆ ಊದಿಕೊಂಡಿತ್ತು. ಜೇನು ಕಚ್ಚಿರಬೇಕು ಅಂದುಕೊಂಡರು. ಆಂಟಿಬಯಾಟಿಕ್ ಕೊಟ್ಟಾಗ ಇಳಿಯಿತು, ನಿಲ್ಲಿಸಿದ ಮೇಲೆ ಮತ್ತೆ ಊದಿತು, ಆಮೇಲೆ ಒಡೆದು ಕೀವು ಬಂತು. ಎಕ್ಸ್‌ರೇ ತೆಗೆಸಿದರೆ ದವಡೆ ಹಲ್ಲಿನ ಬೇರು ಕೊಳೆತಿತ್ತು. ಆ ಹಲ್ಲಿಗೆ ಮೂರು ಬೇರು, ಅವು ಇರುವುದು ಕಣ್ಣಿನ ಕೆಳಗೇ. ಕೀಳಿಸಿದ ಮೇಲೇ ವಾಸಿಯಾದದ್ದು.

ನರ ಕಂಡರೆ ದಾರಿ ಎರಡು: ರೂಟ್ ಕೆನಾಲ್, ಇಲ್ಲವೇ ಕೀಳಿಸುವುದು. ನಾಯಿಗೆ ಒಂದೂವರೆ ವರ್ಷ ತುಂಬಿಲ್ಲ, ಮುರಿದು ಒಂದೆರಡು ದಿನವಷ್ಟೇ ಆಗಿದೆ ಅಂದರೆ ನರ ಉಳಿಸುವ ಚಿಕಿತ್ಸೆಯೂ ಇದೆ. ಹಾಗಿದ್ದರೆ ಇವತ್ತೇ ಹೊರಡಿ. ನನ್ನನ್ನು ಕೇಳಿದರೆ ದವಡೆ ಹಲ್ಲನ್ನು ಕೀಳಿಸುವುದೇ ವಾಸಿ. ಬೆಳೆದ ನಾಯಿಗೆ 42 ಹಲ್ಲು, ಒಂದು ಹೋದರೆ ಮುದ್ದೆ ನುಂಗಲು ಏನೂ ತೊಂದರೆಯಿಲ್ಲ! ಆದರೆ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಕೀಳಬೇಕು. ಸುಮ್ನೆ ಹಿಡಿದುಕೊಳ್ಳಿ, ಕಿತ್ತುಬಿಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಅಲ್ಲಿಯವರೆಗೆ ಮೆತ್ತಗಿನ ಊಟ ಕೊಡಿ. ಡೋಲೋ, ಐಬುಪ್ರೊಫೇನ್ ತರಹ ನಾವು ನುಂಗುವ ನೋವಿನ ಮಾತ್ರೆ ಕೊಡಬೇಡಿ, ನಾಯಿಗೆ ಅವು ವಿಷವಾಗಬಹುದು. ಭಾನುವಾರದ ಮಟನ್ ಮೂಳೆ, ಪೆಟ್ ಶಾಪ್‌ನಲ್ಲಿ ಸಿಗುವ ಹಸುವಿನ ಗೊರಸು ಎರಡನ್ನೂ ಇನ್ನು ನಿಲ್ಲಿಸಿ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳದ ವಸ್ತು ಯಾವುದೂ ಬೇಡ.

ಮೊದಲು ಊರಿನ ಪಶು ಆಸ್ಪತ್ರೆಯಲ್ಲಿ ತೋರಿಸಿ. ಎಕ್ಸ್‌ರೇ, ಆಪರೇಷನ್ ಬೇಕು ಅಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮಗೆ ಅನುಕೂಲ. ಬಳ್ಳಾರಿ ರಸ್ತೆಯಲ್ಲಿ ನೇರ ಹೋದರೆ ಸಿಗುತ್ತದೆ, ಬೆಂಗಳೂರಿನ ಟ್ರಾಫಿಕ್ಕಿನೊಳಗೆ ನುಗ್ಗುವ ತಾಪತ್ರಯ ಜಾಸ್ತಿ ಇಲ್ಲ. ಹೊರಡುವ ಮುಂಚೆ ಫೋನ್ ಮಾಡಿ, ಎಷ್ಟು ಹೊತ್ತಿನಿಂದ ಊಟ ಕೊಡಬಾರದು ಅಂತ ಕೇಳಿಕೊಳ್ಳಿ.