ತೇಜಸ್ವಿ ಕಥೆಗಳ ಸಿನಿಮಾಗಳು ಒಂದಕ್ಕೊಂದು ಇಷ್ಟು ಬೇರೆ ಯಾಕೆ?

‘ಡೇರ್‌ಡೆವಿಲ್ ಮುಸ್ತಫಾ’ ನೋಡಿ ನಕ್ಕವರು ‘ತಬರನ ಕಥೆ’ ನೋಡಿದರೆ ಎದೆ ಭಾರವಾಗುತ್ತೆ, ಎರಡೂ ಒಬ್ಬರದ್ದೇ ಕಥೆ ಅಲ್ವಾ ಅಂತ ಕೇಳಿದ್ದೀರಿ. ಕಾರಣ ನಿರ್ದೇಶಕರು. ತೇಜಸ್ವಿಯವರ ಬರವಣಿಗೆಯಲ್ಲಿ ನಗುವೂ ಸಿಟ್ಟೂ ಒಟ್ಟಿಗೇ ಇರುತ್ತವೆ. ಯಾವುದನ್ನು ಹಿಡಿಯಬೇಕು ಅನ್ನೋದನ್ನ ನಿರ್ದೇಶಕರ ಸ್ವಭಾವ ತೀರ್ಮಾನಿಸುತ್ತದೆ.

‘ತಬರನ ಕಥೆ’ ಮಾಡಿದ ಗಿರೀಶ್ ಕಾಸರವಳ್ಳಿಯವರನ್ನೇ ನೋಡಿ. ಬೇರೆ ಲೇಖಕರ ಕಥೆಗಳನ್ನು ಸಿನಿಮಾ ಮಾಡಿದಾಗಲೂ ಅವರ ಸ್ವಭಾವ ಕಾಣುತ್ತೆ: ‘ಘಟಶ್ರಾದ್ಧ’ದಲ್ಲಿ (1977) ಹೆಣ್ಣನ್ನು ಹೊರಹಾಕುವ ಸಂಪ್ರದಾಯ, ‘ದ್ವೀಪ’ದಲ್ಲಿ (2002) ಅಣೆಕಟ್ಟಿನ ನೀರು ಏರುತ್ತಿದ್ದರೂ ಮನೆ ಬಿಡದ ಕುಟುಂಬ. ದೊಡ್ಡ ವ್ಯವಸ್ಥೆಯ ಎದುರು ಒಂಟಿಯಾದವರೇ ಅವರಿಗೆ ಮುಖ್ಯ. ಹಾಗಾಗಿ ತಬರನಲ್ಲೂ ಅವರು ಅದನ್ನೇ ಹಿಡಿದರು: ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿದೆ, ಇವನು ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾನೆ, ಯಾರಿಗೂ ಅವಸರವಿಲ್ಲ. ತಬರನಾಗಿ ನಟಿಸಿರುವ ಚಾರುಹಾಸನ್ ಅವರ ನಡಿಗೆಯನ್ನು ಗಮನಿಸಿ, ಸಂಭಾಷಣೆಗಿಂತ ಅದೇ ಜಾಸ್ತಿ ಹೇಳುತ್ತೆ.

ಶಶಾಂಕ್ ಸೋಗಾಲ್ ಅವರಿಗೆ ‘ಮುಸ್ತಫಾ’ (2023) ಮೊದಲ ಸಿನಿಮಾ. ಅವರು ಹಿಡಿದದ್ದು ಕಾಲೇಜು ಹುಡುಗರ ತುಂಟತನ, ಕ್ರಿಕೆಟ್ ಪಂದ್ಯ, ಪರಿಚಯವೇ ಇಲ್ಲದವನ ಮೇಲೆ ಸುಮ್ನೆ ಬೆಳೆಸಿಕೊಂಡ ಅನುಮಾನ. ವಿಷಯ ಗಂಭೀರವೇ, ಆದರೆ ನಗಿಸುತ್ತಲೇ ಹೇಳುತ್ತಾರೆ.

‘ಎದೆಗಾರಿಕೆ’ಯಂಥ ಭೂಗತಲೋಕದ ಸಿನಿಮಾ ಮಾಡಿದ್ದ ಸುಮನಾ ಕಿತ್ತೂರು ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ (2016) ಆರಿಸಿಕೊಂಡಾಗ ಅಲ್ಲಿ ಹೆಂಗಸರ ಜೋರೇ ಮುಂದೆ ಬಂತು.

ತೇಜಸ್ವಿ ಬದುಕಿದ್ದ ಮೂಡಿಗೆರೆ ಕಡೆಯವನಾದ ನನಗೆ ಅವರ ಕಥೆಗಳ ಈ ಮೂರೂ ಸಿನಿಮಾ ಇಷ್ಟ. ನೀವು ‘ತಬರನ ಕಥೆ’ ಆದಮೇಲೆ ‘ದ್ವೀಪ’ ನೋಡಿ.