6 ಸಾವಿರದಲ್ಲಿ ಅಪ್ಪ-ಅಮ್ಮನ ಮನೆಗೆ ಕ್ಯಾಮೆರಾ

ನಮಸ್ಕಾರ ಸರ್. ದಾವಣಗೆರೆ ವಿದ್ಯಾನಗರದಲ್ಲಿ ಅಪ್ಪ-ಅಮ್ಮ ಇಬ್ಬರೇ ಇದ್ದಾರೆ, ವೈಫೈ ಇದೆ, 6 ಸಾವಿರದೊಳಗೆ ನಾಲ್ಕು ಕ್ಯಾಮೆರಾ ಹಾಕಿಸಬಹುದಾ ಅಂತ ಕೇಳಿದ್ದೀರಿ. ನಾಲ್ಕು ಬೇಡ ಸರ್. ಎರಡೇ ಹಾಕಿಸಿ, ಒಳ್ಳೆಯದನ್ನೇ ಹಾಕಿಸಿ. ಗೇಟಿಗೊಂದು, ಹಿತ್ತಲ ಬಾಗಿಲಿಗೊಂದು. ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), ಹಾರ್ಡ್‌ಡಿಸ್ಕ್, ವೈರಿಂಗ್ ಕೂಲಿ ಅಂತ ಹೋದರೆ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಮೆಮೊರಿ ಕಾರ್ಡ್ ಹಾಕುವ ವೈಫೈ ಕ್ಯಾಮೆರಾ ಸಾಕು. ಹೊರಗಡೆಗೆ ಐಪಿ65 ಅಥವಾ ಐಪಿ66 ಅಂತ (ಧೂಳು, ಮಳೆ ನೀರು ತಡೆಯುತ್ತದೆ ಅಂತ ಅರ್ಥ) ಬರೆದಿರುವುದನ್ನೇ ತಗೊಳ್ಳಿ.

ಮೆಗಾಪಿಕ್ಸೆಲ್‌ಗಿಂತ ಕೂರಿಸುವ ಜಾಗ ಮುಖ್ಯ. 2 ಮೆಗಾಪಿಕ್ಸೆಲ್ ಇದ್ದರೂ ನಡೆಯುತ್ತದೆ. ಮಹಡಿ ಮೇಲೆ ಹಾಕಿಸಿದರೆ ಬಂದವರ ನೆತ್ತಿ ಮಾತ್ರ ಕಾಣುತ್ತದೆ, ಮುಖ ಕಾಣಲ್ಲ. ಎಂಟೊಂಬತ್ತು ಅಡಿ ಎತ್ತರ ಸರಿ. ಸಜ್ಜಾಕ್ಕೆ, ಗೋಡೆಗೆ ತೀರಾ ಒತ್ತಿ ಹಾಕಿಸಬೇಡಿ. ಕತ್ತಲಲ್ಲಿ ಕಾಣಲು ಕ್ಯಾಮೆರಾ ರಾತ್ರಿ ಬಿಡುವ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆಗ ಗೋಡೆ ಬೆಳ್ಳಗೆ ಹೊಳೆಯುತ್ತದೆ, ಗೇಟಿನ ಹತ್ತಿರ ಬರೀ ಕತ್ತಲೆ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೂ ಇದೇ ಕಥೆ, ಜೊತೆಗೆ ಸುಮ್ಸುಮ್ನೆ ಮೊಬೈಲ್‌ಗೆ ಅಲರ್ಟ್ ಬರುತ್ತಿರುತ್ತದೆ.

ಕರೆಂಟ್ ಹೋದಾಗ ರೂಟರ್ ಆಫ್ ಆದರೆ ನಿಮಗೆ ಏನೂ ಕಾಣಲ್ಲ, ಅಲ್ವಾ? ಮನೆಯ ಯುಪಿಎಸ್ ಲೈನಿಗೆ ರೂಟರ್, ಕ್ಯಾಮೆರಾ ಎರಡನ್ನೂ ಸೇರಿಸಿ.

ಹೆಸರಿಲ್ಲದ ಅಗ್ಗದ ಮಾಲು ಬೇಡವೇ ಬೇಡ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಹೊಸ ಭದ್ರತಾ ನಿಯಮ ಬಂದಿದೆ. ಬಾಕ್ಸ್ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ನೋಡಿ, ಈ ನಿಯಮಕ್ಕಿಂತ ಮುಂಚಿನ ಹಳೆ ಸ್ಟಾಕಾ ಅಂತಲೂ ಕೇಳಿ. ಪಾಸ್‌ವರ್ಡ್ ಕ್ಯಾಮೆರಾ ಹಾಕಿಸಿದ ದಿನವೇ ನೀವೇ ಬದಲಿಸಿ, ಫಿಟ್ ಮಾಡಲು ಬಂದವರಿಗೆ ಬಿಡಬೇಡಿ.