ಕಾಕ್‌ಟೇಲ್‌ಗೆ ಸಕ್ಕರೆ ಸಿರಪ್: ಎಳೆ ಪಾಕ ಬೇಡ, ತೂಕ ನೋಡಿ

ಪ್ರಶ್ನೆ: ಮನೇಲಿ ವಿಸ್ಕಿ ಸವರ್ ಮಾಡೋಣ ಅಂತ ಅರ್ಧ ಕೆಜಿ ಸಕ್ಕರೆಗೆ ಕಾಲು ಲೀಟರ್ ನೀರು ಹಾಕಿ ಸಿರಪ್ ಮಾಡಿದೆ. ಸ್ವೀಟಿಗೆ ಮಾಡೋ ಹಾಗೇ ಬೆರಳಲ್ಲಿ ಒಂದೆಳೆ ಬರೋವರೆಗೂ ಕುದಿಸಿದೆ. ಫ್ರಿಜ್‌ನಲ್ಲಿಟ್ಟ ಮೇಲೆ ಬಾಟ್ಲಿ ತಳದಲ್ಲಿ ಕಲ್ಲುಸಕ್ಕರೆ ತರ ಗಟ್ಟಿಯಾಗಿ ಕೂತಿದೆ. ಎಸೆದುಬಿಡ್ಲಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಎಸೀಬೇಡಿ, ಏನೂ ಕೆಟ್ಟಿಲ್ಲ. ಪಾಕ ಅಂದ್ರೆ ಕುದಿಸಿ ಎಳೆ ನೋಡೋದು ನಮ್ಮೆಲ್ರಿಗೂ ಅಭ್ಯಾಸ, ಆದ್ರೆ ಕಾಕ್‌ಟೇಲ್ ಸಿರಪ್‌ಗೆ ಎಳೆ ಬರ್ಲೇಬಾರದು. ಎಳೆ ಬರೋ ಹೊತ್ತಿಗೆ ನೀರು ಸುಮಾರು ಆವಿಯಾಗಿ ಹೋಗಿರತ್ತೆ, ನೀವು ಹಾಕಿದ ಲೆಕ್ಕಕ್ಕೂ ಬಾಟ್ಲಿಯಲ್ಲಿರೋ ಲೆಕ್ಕಕ್ಕೂ ಸಂಬಂಧಾನೇ ಇರಲ್ಲ. ಅದೂ ಅಲ್ದೆ 20 ಡಿಗ್ರಿಯಲ್ಲಿ 100 ಗ್ರಾಂ ನೀರು ಹೆಚ್ಚು ಕಮ್ಮಿ 200 ಗ್ರಾಂ ಸಕ್ಕರೆ ಕರಗಿಸ್ಕೊಳ್ಳತ್ತೆ, ಫ್ರಿಜ್‌ನ ತಣ್ಣಗೆ ಅದು 185 ಗ್ರಾಂ ಆಸುಪಾಸಿಗೆ ಇಳಿಯತ್ತೆ, ಅಂದ್ರೆ ಎರಡಕ್ಕೆ ಒಂದರ ಸಿರಪ್ಪು (ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು) ಕುದಿಸದೇ ಇದ್ರೂ ಫ್ರಿಜ್‌ನಲ್ಲಿ ಅಂಚು ದಾಟೇ ಇರತ್ತೆ, ನೀವು ಇನ್ನೂ ಕುದಿಸಿದ್ರಿ, ಜಾಸ್ತಿಯಾದ ಸಕ್ಕರೆ ತಳಕ್ಕೆ ಕೂತ್ಕೊಳ್ತು. ಪಾತ್ರೆ ಅಂಚಲ್ಲೋ ಬಾಟ್ಲಿ ಕುತ್ತಿಗೇಲೋ ಒಂದೆರಡು ಹರಳು ಅಂಟಿದ್ರಂತೂ ಮುಗೀತು, ಅದನ್ನ ಹಿಡ್ಕೊಂಡೇ ಉಳಿದದ್ದೆಲ್ಲ ಹರಳಾಗತ್ತೆ.

ಸರಿ ಮಾಡೋದು ಸುಲಭ. ಒಂದು ಪಾತ್ರೆ ಖಾಲಿ ತೂಕ ಬರ್ಕೊಳ್ಳಿ. ಬಾಟ್ಲೀನ ಬಿಸಿನೀರಲ್ಲಿ ನಿಲ್ಲಿಸಿ, ಸ್ವಲ್ಪ ನೀರು ಹಾಕಿ ಕರಗಿಸಿ, ತೊಳೆದ ನೀರೂ ಸೇರಿಸಿ ಎಲ್ಲಾನೂ ಆ ಪಾತ್ರೆಗೆ ಸುರೀರಿ. ನೀವು ಹಾಕಿದ್ದು 500 ಗ್ರಾಂ ಸಕ್ಕರೆ, ಅದೆಲ್ಲೂ ಹೋಗಿಲ್ಲ, ಹೋಗಿದ್ದು ನೀರು ಮಾತ್ರ. ಹಾಗಾಗಿ ಸಿರಪ್ ತೂಕ ಒಂದು ಕೆಜಿ ಆಗೋವರೆಗೂ ನೀರು ಸೇರಿಸಿದ್ರೆ ಸಮಸಮದ ಸಿರಪ್ ಆಯ್ತು, 830 ಗ್ರಾಂಗೆ ನಿಲ್ಲಿಸಿದ್ರೆ ಒಂದೂವರೆಗೆ ಒಂದು, ಸ್ವಲ್ಪ ಗಟ್ಟಿ, ಆದ್ರೆ ಫ್ರಿಜ್‌ನಲ್ಲಿ ಹರಳಾಗಲ್ಲ. ಆಗ್ಲೇ ಒಂದಷ್ಟು ಬಳಸಿದ್ರೆ ಅಂದಾಜಿನ ಮೇಲೇ ಹೋಗ್ಬೇಕು, ನಡೆಯತ್ತೆ.

ಮುಂದಿನ ಸಲ ಒಲೆ ಮೇಲೆ ನೀರು ಮಾತ್ರ ಬಿಸಿ ಮಾಡಿ, ಕೆಳಗಿಳಿಸಿ, ಸಕ್ಕರೆ ಹಾಕಿ, ಕರಗೋವರೆಗೂ ತಿರುಗಿಸಿ, ಅಷ್ಟೇ. ಸಮಸಮಕ್ಕೆ ಬಿಸೀನೂ ಬೇಕಿಲ್ಲ, ಮುಚ್ಚಳದ ಬಾಟ್ಲಿಗೆ ಹಾಕಿ ಕುಲುಕಿ ಕುಲುಕಿ ಬಿಟ್ರೂ ಕರಗತ್ತೆ, ನಮ್ಮ ಸಕ್ಕರೆ ಹರಳು ದಪ್ಪ ಇರೋದ್ರಿಂದ ಸ್ವಲ್ಪ ತಾಳ್ಮೆ ಬೇಕು. ಇನ್ನೊಂದು, ಕೊಳೆ ತೆಗೆಯೋಕೆ ಪಾಕಕ್ಕೆ ಚಮಚ ಹಾಲು ಹಾಕೋ ಪದ್ಧತಿ ಇದೆಯಲ್ಲ, ಅದನ್ನ ಇಲ್ಲಿ ಮಾಡ್ಬೇಡಿ, ಹಾಲಿನ ಅಂಶ ಉಳಿದ್ರೆ ಸಿರಪ್ ಮಬ್ಬಾಗತ್ತೆ, ಬೇಗ ಕೆಡತ್ತೆ. ತೆಳು ಬಟ್ಟೇಲಿ ಸೋಸಿದ್ರೆ ಸಾಕು.

ಪ್ರಶ್ನೆ: ಎಲ್ಲಾ ರೆಸಿಪೀಲೂ ಒಂದು ಕಪ್‌ಗೆ ಒಂದು ಕಪ್ ಅಂತಾರೆ, ಹಾಗೇ ಮಾಡ್ತೀನಿ, ಒಂದ್ಸಲ ಡ್ರಿಂಕ್ ಸಪ್ಪೆ, ಇನ್ನೊಂದ್ಸಲ ಬಾಯಿ ಕಟ್ಟೋ ಸಿಹಿ. ಯಾಕೆ? ನೇರ ಸಕ್ಕರೇನೇ ಹಾಕಿದ್ರೆ ಆಗಲ್ವಾ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಕಪ್ ಬಿಡಿ, ಅಡುಗೆಮನೆ ತಕ್ಕಡಿ ತಗೊಳ್ಳಿ, ಇದೊಂದು ಮಾತು ನಾನು ಪದೇ ಪದೇ ಹೇಳ್ತಾನೇ ಇರ್ತೀನಿ. 240 ಎಂಎಲ್‌ ಕಪ್‌ನಲ್ಲಿ ನೀರು 240 ಗ್ರಾಂ, ಅದೇ ಕಪ್ ಸಕ್ಕರೆ ತೂಗಿದ್ರೆ 200 ಗ್ರಾಂ ಹತ್ತಿರ, ಅಂದ್ರೆ ಸಮಸಮ ಅಂತ ಅಂದ್ಕೊಂಡಿದ್ದು ನೀರು ಜಾಸ್ತಿಯ ಸಿರಪ್. ಹರಳು ಸಣ್ಣದೋ ದಪ್ಪದೋ, ಕಪ್ ತಟ್ಟಿ ತುಂಬಿದ್ರೋ ಹಾಗೇ ಸುರಿದ್ರೋ, ಅದಕ್ಕೆ ತಕ್ಕ ಹಾಗೆ ಪ್ರತಿ ಸಲಾನೂ ಬದಲಾಗತ್ತೆ. ತೂಕದ ಸಮಸಮ ಸಿರಪ್‌ನಲ್ಲಿ 15 ಎಂಎಲ್‌ಗೆ ಸುಮಾರು 9 ಗ್ರಾಂ ಸಕ್ಕರೆ ಇರತ್ತೆ, ಎರಡಕ್ಕೆ ಒಂದರದ್ದಾದ್ರೆ 13 ಗ್ರಾಂ. ರೆಸಿಪೀಲಿ ಯಾವ ಸಿರಪ್ ಅಂತ ಹೇಳಿಲ್ಲ ಅಂದ್ರೆ ಸಮಸಮ ಅಂತ ಇಟ್ಕೊಳ್ಳಿ, ನಿಮ್ಹತ್ರ ಎರಡಕ್ಕೆ ಒಂದರದ್ದಿದ್ರೆ 15ರ ಬದ್ಲು 10 ಎಂಎಲ್ ಹಾಕಿ.

ನೇರ ಸಕ್ಕರೆ ಹಾಕಿದ್ರೆ ಐಸ್ ಜೊತೆ ಕರಗಲ್ಲ, ಆಲ್ಕೋಹಾಲ್ ಅಂತೂ ಸಕ್ಕರೇನ ಕರಗಿಸ್ಕೊಳ್ಳೋದು ತುಂಬಾ ಕಮ್ಮಿ, ಕೊನೇ ಗುಟುಕಲ್ಲಿ ಹಲ್ಲಿಗೆ ಮರಳು ಸಿಗತ್ತೆ. ಬ್ರೆಜಿಲ್‌ನ ಕೈಪಿರಿನ್ಯಾ ಕಾಕ್‌ಟೇಲ್ ಬೇರೆ ಮಾತು, ಅದರಲ್ಲಿ ನಿಂಬೆ ಹೋಳಿನ ಜೊತೆ ಸಕ್ಕರೆ ಹಾಕೇ ಅರೀಬೇಕು, ಹರಳು ಸಿಪ್ಪೆಗೆ ಉಜ್ಜಿದಾಗ್ಲೇ ಅದರ ಎಣ್ಣೆ, ಘಮ ಬಿಡೋದು. ಉಳಿದ ಕಡೆ ಸಿರಪ್ಪೇ ಸರಿ. ಶುರು ಮಾಡೋಕೆ 60 ಎಂಎಲ್ ವಿಸ್ಕಿ ಅಥವಾ ರಮ್, 25 ನಿಂಬೆರಸ, 20 ಸಿರಪ್, ಐಸ್ ಹಾಕಿ ಚೆನ್ನಾಗಿ ಶೇಕ್ ಮಾಡಿ, ಆಮೇಲೆ ನಿಮ್ಮ ನಾಲಿಗೆಗೆ ತಕ್ಕಂತೆ 5 ಎಂಎಲ್ ಆಚೀಚೆ ಮಾಡ್ಕೊಳ್ಳಿ.

ಪ್ರಶ್ನೆ: ಎಷ್ಟು ದಿನ ಇಡಬಹುದು? ನನ್ನ ಸಿರಪ್‌ನಲ್ಲಿ ಬಿಳಿ ದಾರದ ಥರ ಏನೋ ತೇಲ್ತಿದೆ.
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಅದು ಬೂಷ್ಟು, ಪೂರ್ತಿ ಚೆಲ್ಲಿಬಿಡಿ, ಮೇಲಿಂದ ತೆಗೆದು ಬಳಸೋದು ಬೇಡ. ಸಮಸಮದ್ದು ಫ್ರಿಜ್‌ನಲ್ಲಿ 3-4 ವಾರ, ಗಟ್ಟಿಯದ್ದು ಕೆಲವು ತಿಂಗಳು, ಯಾಕಂದ್ರೆ ಸಕ್ಕರೆ ಜಾಸ್ತಿ ಇದ್ದಷ್ಟೂ ಬೂಷ್ಟಿಗೆ ಬೇಕಾದ ನೀರು ಸಿಗಲ್ಲ. ಬಾಟ್ಲೀನ ಕುದಿಯೋ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಚಮಚ ಅದ್ದಬೇಡಿ, ಸುರಿದೇ ಬಳಸಿ. ಕಾಲು ಲೀಟರ್‌ಗೆ ಒಂದು ಟೇಬಲ್ ಚಮಚ ವೋಡ್ಕಾ ಬೆರೆಸಿದ್ರೆ ಇನ್ನೂ ಸ್ವಲ್ಪ ದಿನ ಬರತ್ತೆ. ಶುಂಠಿ, ಏಲಕ್ಕಿ, ಪುದೀನ ಹಾಕಿದ್ದಾದ್ರೆ ವಾರದೊಳಗೆ ಮುಗಿಸಿ, ಪುದೀನಾನ ಬಿಸಿ ಸಿರಪ್‌ಗೆ ಹಾಕಿದ್ರೆ ಕಪ್ಪಾಗತ್ತೆ, ತಣ್ಣಗಾದ್ಮೇಲೆ ಹಾಕಿ.

ಪ್ರಶ್ನೆ: ಸಕ್ಕರೆ ಬದ್ಲು ಬೆಲ್ಲ ಹಾಕಬಹುದಾ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಧಾರಾಳವಾಗಿ! ಮಂಡ್ಯದಲ್ಲಿದ್ಕೊಂಡು ಬೆಲ್ಲದ ಸಿರಪ್ ಮಾಡದೇ ಇರೋದು ಉಂಟಾ. ಡಾರ್ಕ್ ರಮ್ಮಿಗೆ ಇದಕ್ಕಿಂತ ಒಳ್ಳೇ ಜೋಡಿ ನಂಗೆ ಗೊತ್ತಿಲ್ಲ, ಎರಡೂ ಕಬ್ಬಿಂದಾನೇ ಬಂದಿದ್ದು, ಬೆಲ್ಲದ ಆ ಸಣ್ಣ ಉಪ್ಪು ರುಚಿ ರಮ್ಮಿನ ಗಾಢತೇನ ಎತ್ತಿ ಹಿಡಿಯತ್ತೆ. ಜಿನ್‌ಗೆ ಮಾತ್ರ ಬೇಡ, ಅದರ ಸೂಕ್ಷ್ಮ ಪರಿಮಳಾನ ಬೆಲ್ಲ ಮುಚ್ಚಿಬಿಡತ್ತೆ. ಹಳದಿ ಹಳದಿಯಾಗಿ ಹೊಳೆಯೋ ಬೆಲ್ಲ ಬಿಟ್ಟು ಕಂದು ಬಣ್ಣದ್ದು ತಗೊಳ್ಳಿ, ಬಣ್ಣ ತಿಳಿ ಮಾಡೋಕೆ ಕೆಮಿಕಲ್ ಹಾಕಿರ್ತಾರೆ, ಅದರ ವಾಸನೆ ಡ್ರಿಂಕಲ್ಲಿ ಗೊತ್ತಾಗತ್ತೆ. ಪುಡಿ ಮಾಡಿ ಸಮತೂಕದ ಬಿಸಿನೀರಲ್ಲಿ ಕರಗಿಸಿ, ಸೋಸಿ, ಹತ್ತು ನಿಮಿಷ ಅಲ್ಲಾಡಿಸದೇ ಬಿಡಿ, ತಳದಲ್ಲಿ ಸಣ್ಣ ಮಣ್ಣು ಕೂರತ್ತೆ, ಮೇಲಿನ ತಿಳೀನ ಮಾತ್ರ ಬಗ್ಗಿಸ್ಕೊಳ್ಳಿ. ಬೆಲ್ಲದಲ್ಲೇ ತೇವ ಇರೋದ್ರಿಂದ ಸಿಹಿ ಸ್ವಲ್ಪ ಕಮ್ಮಿ, 20ರ ಜಾಗದಲ್ಲಿ 25 ಎಂಎಲ್ ಬೇಕಾಗಬಹುದು. ಎರಡು ವಾರದಲ್ಲಿ ಮುಗಿಸಿ.

ಪ್ರಶ್ನೆ: ನಮ್ಮ ಮನೇಲಿ ಪುನರ್ಪುಳಿ (ಕೋಕಂ) ಸಿರಪ್ ಇದೆ, ಅದನ್ನ ಜಿನ್‌ಗೆ ಹಾಕೋದು ಹೇಗೆ?
– ಒಬ್ಬ ಓದುಗರು, ಪುತ್ತೂರು

ಉತ್ತರ: ಭರಣೀಲಿ ಹಸಿ ಸಿಪ್ಪೆ, ಸಕ್ಕರೆ ಪದರ ಪದರವಾಗಿ ಹಾಕಿ ಇಟ್ಟಿದ್ದಾದ್ರೆ ಅದೇ ಬೆಸ್ಟ್, ಸಕ್ಕರೇನೇ ಸಿಪ್ಪೆಯ ರಸ ಎಳ್ಕೊಂಡು ಸಿರಪ್ ಆಗಿರತ್ತೆ, ನೀರು ಬಿದ್ದಿರಲ್ಲ, ಬೆಂಕಿ ತಾಗಿರಲ್ಲ. ದೂರದ ಬಾರ್‌ಗಳಲ್ಲಿ ನಿಂಬೆ, ಕಿತ್ತಳೆ ಸಿಪ್ಪೆಗೆ ಸಕ್ಕರೆ ಹಾಕಿ ಎಣ್ಣೆ ಇಳಿಸ್ಕೊಳ್ಳೋದೂ ಇದೇ ದಾರೀಲಿ. ಸಕ್ಕರೆ ಸಿರಪ್‌ನ ಲೆಕ್ಕಾನೇ ಇಲ್ಲಿ ಹಿಡೀಬೇಡಿ, ಪುನರ್ಪುಳಿಯಲ್ಲೇ ಹುಳಿ ಇದೆ, ನಿಂಬೆ 25 ಹಾಕಿದ್ರೆ ಕುಡಿಯೋಕಾಗಲ್ಲ. 50 ಎಂಎಲ್ ಜಿನ್, 20 ಪುನರ್ಪುಳಿ ಸಿರಪ್, ನಿಂಬೆ 5 ಎಂಎಲ್, ಮೇಲೆ ಸೋಡಾ. ಜೀರಿಗೆ ಹಾಕಿರೋ ಸಿರಪ್ ಆದ್ರೆ ಜಿನ್ ಬಿಡಿ, ಸೋಡಾ, ಚಿಟಿಕೆ ಉಪ್ಪಿನ ಜೊತೆ ಹಾಗೇ ಕುಡೀರಿ, ಮನೇಲಿ ಕುಡಿಯದೇ ಇರೋವ್ರಿಗೂ ಅದೇ ಗ್ಲಾಸ್ ಕೊಡಬಹುದು. ಮುಂದಿನ ಸೀಸನ್‌ಗೆ ಮಾಡುವಾಗ ಗಾಜು ಅಥವಾ ಪಿಂಗಾಣಿ ಭರಣೀನೇ ಇರ್ಲಿ, ಹುಳಿ ಇರೋದ್ರಿಂದ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬೇಡ.